ಜಸ್ಟಿಫೈ ಮಾಡಿದರೆ ಕೆಲವು ಸಾಲು ಹಿಗ್ಗುತ್ತೆ, ಕೊನೆಯಲ್ಲಿ ಖಾಲಿ ಪುಟ ಹೋಗ್ತಿಲ್ಲ

ಹೊಸಪುಟ:
ನಮಸ್ಕಾರ. ಬೇರೆಯವರು ಟೈಪ್ ಮಾಡಿ ಕಳಿಸಿದ ವರ್ಡ್ ಫೈಲ್ ಒಂದನ್ನ ನೀಟಾಗಿ ಜೋಡಿಸ್ತಾ ಇದ್ದೀನಿ. ಜಸ್ಟಿಫೈ (ಸಾಲುಗಳ ಎರಡೂ ಅಂಚು ಸಮ ಮಾಡೋದು) ಕೊಟ್ಟ ತಕ್ಷಣ ಕೆಲವು ಸಾಲುಗಳು ಮಾತ್ರ ವಿಪರೀತ ಹಿಗ್ಗುತ್ತವೆ. ಮೂರೇ ಪದ ಇರೋ ಸಾಲೂ ಈ ಅಂಚಿಂದ ಆ ಅಂಚಿನವರೆಗೆ ಎಳ್ಕೊಂಡು ನಿಲ್ಲುತ್ತೆ. ಕೊನೇ ಟೇಬಲ್ ಆದ್ಮೇಲೆ ಖಾಲಿ ಪುಟ ಬೇರೆ, ಎಷ್ಟು ಬ್ಯಾಕ್‌ಸ್ಪೇಸ್ ಒತ್ತಿದರೂ ಹೋಗಲ್ಲ. ಅದೂ ಸಾಲದು ಅಂತ ಮೇಲಿನ-ಕೆಳಗಿನ ಮಾರ್ಜಿನ್, ಹೆಡರ್ ಎಲ್ಲ ತೆರೆ ಮೇಲಿಂದ ಮಾಯ. ಪ್ರಿಂಟ್ ಪ್ರಿವ್ಯೂನಲ್ಲಿ ಮಾತ್ರ ಕಾಣುತ್ತೆ.

ಅಂಚುಗೆರೆ:
ಮಾರ್ಜಿನ್ ಎಲ್ಲೂ ಹೋಗಿಲ್ಲ, ಯಾರೋ ಮಡಚಿಟ್ಟಿದ್ದಾರೆ ಅಷ್ಟೆ. ಪ್ರಿಂಟ್ ಲೇಔಟ್‌ನಲ್ಲಿದ್ದುಕೊಂಡು ಎರಡು ಪುಟ ಸೇರುವ ಗೆರೆ ಮೇಲೆ ಡಬಲ್ ಕ್ಲಿಕ್ ಮಾಡಿ, ಬಿಚ್ಚಿಕೊಳ್ಳುತ್ತೆ.

ಉಳಿದೆರಡಕ್ಕೆ ಕೈ ಹಾಕೋ ಮುಂಚೆ ಕಂಟ್ರೋಲ್+ಶಿಫ್ಟ್+8 ಒತ್ತಿ. ಅಡಗಿರೋ ಗುರುತುಗಳೆಲ್ಲ ಕಾಣಿಸ್ಕೊಳ್ಳುತ್ತವೆ: ಸ್ಪೇಸ್‌ಗೆ ಚುಕ್ಕೆ, ಟ್ಯಾಬ್‌ಗೆ ಬಾಣ, ಎಂಟರ್‌ಗೆ ತಿರುಗಿಸಿಟ್ಟ ಪಿ ಆಕಾರ. ಪರದೆ ಗಲೀಜಾಯ್ತು ಅಂತ ಜನ ಇದನ್ನ ತಕ್ಷಣ ಆಫ್ ಮಾಡ್ತಾರೆ. ಬೇರೆಯವರ ಫೈಲ್ ರಿಪೇರಿ ಮಾಡೋರು ಹಾಗೆ ಮಾಡಬಾರದು, ರೋಗ ಇರೋದೇ ಅಲ್ಲಿ. ಹಿಗ್ಗಿದ ಸಾಲಿನ ಕೊನೆಯಲ್ಲಿ ಏನು ಕಾಣುತ್ತೆ ಹೇಳಿ.

ಹೊಸಪುಟ:
ಎಡಕ್ಕೆ ಬಾಗಿದ ಬಾಣ! ಬೇರೆ ಸಾಲುಗಳಲ್ಲಿ ಇಲ್ಲ. ಈ ಚುಕ್ಕೆ-ಬಾಣ ಪ್ರಿಂಟ್‌ನಲ್ಲೂ ಬರುತ್ತಾ?

ಅಂಚುಗೆರೆ:
ಬರಲ್ಲ. ಆ ಬಾಗಿದ ಬಾಣ ಅಂದ್ರೆ ಶಿಫ್ಟ್+ಎಂಟರ್. ಸಾಲು ಮುರಿಯುತ್ತೆ, ಪ್ಯಾರಾ ಮುಗಿಯಲ್ಲ. ಜಸ್ಟಿಫೈನಲ್ಲಿ ಪ್ಯಾರಾದ ಕೊನೇ ಸಾಲನ್ನ ಮಾತ್ರ ಹಿಗ್ಗಿಸದೆ ಬಿಡೋದು ರೂಢಿ. ಇದು ಕೊನೇ ಸಾಲು ಅಂತ ವರ್ಡ್‌ಗೆ ಗೊತ್ತಾಗದೆ ಎಳೆದುಬಿಡುತ್ತೆ. ಕಂಟ್ರೋಲ್+ಎಚ್ ಒತ್ತಿ ಫೈಂಡ್ ಅಂಡ್ ರಿಪ್ಲೇಸ್ ತೆಗೆದು, ಮೋರ್ ಒತ್ತಿ, ಸ್ಪೆಷಲ್‌ನಲ್ಲಿ ಮ್ಯಾನುವಲ್ ಲೈನ್ ಬ್ರೇಕ್ ಹುಡುಕಿ, ಅದರ ಜಾಗಕ್ಕೆ ಪ್ಯಾರಾಗ್ರಾಫ್ ಮಾರ್ಕ್ ಹಾಕಿ. ಕವಿತೆ, ವಿಳಾಸ ಇರೋ ಕಡೆ ಮಾತ್ರ ರಿಪ್ಲೇಸ್ ಆಲ್ ಬೇಡ, ಒಂದೊಂದೇ ನೋಡಿ. ಅಲ್ಲಿ ಅದು ಬೇಕಂತಲೇ ಇರಬಹುದು.

ಖಾಲಿ ಪುಟದಲ್ಲಿ ಪಿ ಗುರುತು ಒಂದೇ ಒಂದು ಇದೆ ತಾನೇ? ಟೇಬಲ್ ಆದ್ಮೇಲೆ ಒಂದು ಪ್ಯಾರಾ ಇರಲೇಬೇಕು ಅನ್ನೋದು ವರ್ಡ್‌ನ ಹಠ, ಅಳಿಸೋಕೆ ಬಿಡಲ್ಲ. ಆ ಗುರುತನ್ನ ಸೆಲೆಕ್ಟ್ ಮಾಡಿ ಫಾಂಟ್ ಸೈಜ್ 1 ಕೊಡಿ, ಪ್ಯಾರಾ ಹಿಂದೆ-ಮುಂದಿನ ಜಾಗ 0, ಲೈನ್ ಸ್ಪೇಸಿಂಗ್ ಸಿಂಗಲ್. ಟೇಬಲ್ ಕೆಳಗೆ ಕೂದಲೆಳೆ ಜಾಗ ಇದ್ದರೂ ಹಿಂದಿನ ಪುಟಕ್ಕೆ ಸೇರ್ಕೊಳ್ಳುತ್ತೆ.

ಮೌಸ್‌ಬೇಡ:
ವರ್ಡ್ ಬದಲು ಬಳಸೋ ಲಿಬ್ರೆ ಆಫೀಸ್ ರೈಟರ್‌ನವರಿಗೆ ಅದೇ ಗುರುತುಗಳು ಕಂಟ್ರೋಲ್+ಎಫ್10. ಇನ್ನೊಂದು ಮಾತು, ವರ್ಡ್‌ನಲ್ಲಿ ಗುರುತು ಆನ್ ಇದ್ದಾಗ ಹಿಡನ್ ಅಂತ ಮಾಡಿದ ಅಕ್ಷರಗಳೂ ತೆರೆ ಮೇಲೆ ಜಾಗ ತಿನ್ನುತ್ತವೆ. ಹಾಗಾಗಿ ಪುಟ ಎಲ್ಲಿ ಮುರಿಯುತ್ತೆ ಅಂತ ನೋಡೋ ಮುಂಚೆ ಆಫ್ ಮಾಡಿ.

ಹೊಸಪುಟ:
ಎರಡೂ ಸರಿಹೋಯ್ತು, ಥ್ಯಾಂಕ್ಸ್. ಹೆಡಿಂಗ್‌ಗಳ ಎಡಕ್ಕೆ ಪುಟ್ಟ ಕಪ್ಪು ಚೌಕ ಇದೆಯಲ್ಲ, ಅದನ್ನ ಅಳಿಸೋದು ಹೇಗೆ?

ಅಂಚುಗೆರೆ:
ಅಳಿಸಬೇಡಿ. ಸಾಮಾನ್ಯವಾಗಿ ಅದು ಕೀಪ್ ವಿತ್ ನೆಕ್ಸ್ಟ್ ಗುರುತು. ಹೆಡಿಂಗ್ ಒಂದು ಪುಟದ ತಳದಲ್ಲಿ, ಅದರ ಪ್ಯಾರಾ ಇನ್ನೊಂದು ಪುಟದಲ್ಲಿ ಆಗದ ಹಾಗೆ ಎರಡನ್ನೂ ಜೊತೆಗಿಡುತ್ತೆ. ಇದೇ ಚೌಕ ಮಾಮೂಲಿ ಪ್ಯಾರಾಗಳ ಪಕ್ಕದಲ್ಲೂ ಸಾಲಾಗಿ ಕಂಡರೆ, ಪ್ಯಾರಾಗ್ರಾಫ್ ಡಯಲಾಗ್‌ನ ಲೈನ್ ಅಂಡ್ ಪೇಜ್ ಬ್ರೇಕ್ಸ್ ಟ್ಯಾಬ್‌ಗೆ ಹೋಗಿ ಅಲ್ಲಿ ಕೀಪ್ ವಿತ್ ನೆಕ್ಸ್ಟ್ ಪಕ್ಕದ ಟಿಕ್ ತೆಗೆಯಿರಿ.