ಓದುಗರ ಸ್ಪಂದನ: ಸುಮ್ಮನಿದ್ದರೆ ಸಮಾಧಾನವೇ?

ಕಲಬುರಗಿಯ ಖಾಸಗಿ ಆಸ್ಪತ್ರೆಯೊಂದರ ಸ್ಟಾಫ್ ನರ್ಸ್ ಕಳೆದ ಸಂಚಿಕೆಯಲ್ಲಿ ಬರೆದಿದ್ದರು: ವಾರ್ಡಿನ ಇಬ್ಬರು ಸಿಸ್ಟರ್‌ಗಳು ಮಾತು ಬಿಟ್ಟಿದ್ದಾರೆ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸ ಇವರ ಪಾಲಿಗೆ ಬಂದಿದೆ. ರೋಗಿಯೊಬ್ಬರ ಇನ್ಸುಲಿನ್ 20 ಯೂನಿಟ್‌ನಿಂದ 12ಕ್ಕೆ ಇಳಿದ ಸುದ್ದಿ ನಡುವೆ ಎಲ್ಲೋ ತಪ್ಪಿಹೋಗಿ, ನಸುಕಿನಲ್ಲಿ ಅವರ ಸಕ್ಕರೆ ಪ್ರಮಾಣ 52ಕ್ಕೆ ಕುಸಿಯಿತು. ರೋಗಿ ಚೇತರಿಸಿಕೊಂಡರು. ಈಗ ಇಬ್ಬರೂ ‘ನೀನು ಯೇಸುವಿನವಳು, ಸಮಾಧಾನ ಮಾಡುವವಳು, ಇದನ್ನು ಇಲ್ಲಿಗೇ ಬಿಡು’ ಎನ್ನುತ್ತಿದ್ದಾರೆ. ಬಿಡಬೇಕೆ ಎಂಬುದು ಅವರ ಪ್ರಶ್ನೆ. ಮೊದಲ ಪತ್ರ ಉದ್ದವಾಗಿದೆ. ಕತ್ತರಿಸಲು ಮನಸ್ಸು ಬರಲಿಲ್ಲ.

*

ನಿಮ್ಮ ಪ್ರಶ್ನೆ ನನ್ನಲ್ಲಿ ಹಳೆಯದೊಂದನ್ನು ಕೆದಕಿತು. ಅದನ್ನು ಇಲ್ಲಿ ಬಿಚ್ಚುವುದಿಲ್ಲ, ನಿಮಗೆ ಬೇಕಾದ್ದನ್ನಷ್ಟೇ ಬರೆಯುತ್ತೇನೆ.

ಇಂದೇ ಮಾತು ಸಾಗಿಸುವುದನ್ನು ನಿಲ್ಲಿಸಿ. ‘ಅವರಿಗೆ ಹೇಳಿಬಿಡು’ ಎಂದರೆ ‘ನೀವೇ ಹೇಳಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ’ ಎನ್ನಿ. ಮನಸ್ಸು ನೋಯಬಾರದೆಂದು ನೀವು ಮಾತನ್ನು ಮೆತ್ತಗೆ ಮಾಡುತ್ತೀರಿ. ಮೆತ್ತಗಾಗುವಾಗ ಮೊದಲು ಉದುರುವುದು ಅಂಕಿ.

ಎರಡನೆಯದು, ಪಾಳಿ ಬದಲಾಗುವಾಗ ಕೌಂಟರಿನಲ್ಲಿ ನಿಂತು ಚಾರ್ಜ್ ಕೊಡುವ ಪದ್ಧತಿ ಬೇಡ. ಮಂಚದ ಪಕ್ಕದಲ್ಲೇ ಕೊಡಲಿ. ಹೋಗುವವರು, ಬರುವವರು ಇಬ್ಬರೂ ಚಾರ್ಟ್ ಹಿಡಿದಿರಬೇಕು. ರೋಗಿ ಯಾರು, ಯಾಕೆ ದಾಖಲಾದರು, ಇವತ್ತು ಏನು ಬದಲಾಯಿತು, ಮುಂದಿನ ಪಾಳಿ ಏನು ಮಾಡಬೇಕು: ಇದೇ ಕ್ರಮ. ‘ಏನು ಬದಲಾಯಿತು’ ಎಂಬುದನ್ನು ಕೇಳಿಸಿಕೊಂಡವರು ತಿರುಗಿ ಹೇಳಬೇಕು. ಮಾತು ಬಿಟ್ಟವರೂ ಚಾರ್ಟ್ ನೋಡಿಕೊಂಡು ಇಷ್ಟು ಮಾತಾಡಬಲ್ಲರು. ಸ್ನೇಹ ಬೇಕಾಗಿಲ್ಲ.

ಇನ್ಸುಲಿನ್ ವಿಷಯ ಬಿಡಿಸಿಯೇ ಹೇಳಬೇಕು. ಡೋಸ್ ಬದಲಾದಾಗ ಹಳೆಯ ಆರ್ಡರ್ ಮೇಲೆ ಒಂದೇ ಗೆರೆ ಎಳೆದು, ಹೊಸದನ್ನು ಬೇರೆ ಸಾಲಿನಲ್ಲಿ ತಾರೀಖು, ವೇಳೆ, ಸಹಿಯೊಂದಿಗೆ ಡಾಕ್ಟರಿಂದಲೇ ಬರೆಸಿ. ‘ಯೂನಿಟ್’ ಎಂದು ಪೂರ್ತಿ ಇರಲಿ. ಇಂಗ್ಲಿಷಿನ ಒಂಟಿ ‘ಯು’ ಅವಸರದ ಅಕ್ಷರದಲ್ಲಿ ಸೊನ್ನೆಯಂತೆ ಕಂಡು 12 ಹೋಗಿ 120 ಆಗುತ್ತದೆ. ಫೋನಿನಲ್ಲಿ ಹೇಳಿದರೆ ‘ಒಂದು, ಎರಡು, ಹನ್ನೆರಡು’ ಎಂದು ತಿರುಗಿ ಒಪ್ಪಿಸಿ. ವಯಲ್, ಅಂದರೆ ಇನ್ಸುಲಿನ್ ಸೀಸೆ, ಮಿಲಿಲೀಟರಿಗೆ 40 ಯೂನಿಟ್‌ನದೋ 100ರದೋ ನೋಡಿ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ವಯಲಿನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 12ರ ಗೆರೆಗೆ ಎಳೆದರೆ ಒಳಗೆ ಹೋಗುವುದು 30 ಯೂನಿಟ್. ಅದಕ್ಕೇ ಕೊಡುವ ಮುಂಚೆ ಇನ್ನೊಬ್ಬ ಸಿಸ್ಟರ್ ವಯಲ್, ಸಿರಿಂಜ್, ಚಾರ್ಟ್ ಮೂರನ್ನೂ ನೋಡಿ ಸಹಿ ಹಾಕಬೇಕು. ಜಗಳ ಇದ್ದ ವಾರ್ಡಿನಲ್ಲಿ ಮೊದಲು ತಪ್ಪುವುದು ಈ ಎರಡನೇ ಸಹಿಯೇ, ಯಾಕೆಂದರೆ ಅದಕ್ಕಾಗಿ ಒಬ್ಬರನ್ನೊಬ್ಬರು ಕರೆಯಬೇಕಾಗುತ್ತದೆ.

ಇನ್ನು ಈ ಘಟನೆಯ ವರದಿ. ಬರೆಯಲೇಬೇಕು. ಏನು ಆರ್ಡರ್ ಇತ್ತು, ಏನು ಕೊಟ್ಟರು, ಎಷ್ಟು ಗಂಟೆಗೆ ಸಕ್ಕರೆ ಎಷ್ಟಿತ್ತು, ಯಾರಿಗೆ ತಿಳಿಸಿದಿರಿ, ಏನು ಚಿಕಿತ್ಸೆ ಆಯಿತು. ‘ನಿರ್ಲಕ್ಷ್ಯ’, ‘ಬೇಕಂತಲೇ’ ಎಂಬ ಮಾತು ಬೇಡ. ಸುದ್ದಿ ನಿಮ್ಮ ಮೂಲಕ ಹೋಯಿತೆಂಬುದೂ ಅದರಲ್ಲಿರಲಿ. ಕೇಸ್ ಶೀಟಿನಲ್ಲಿ ವೈದ್ಯಕೀಯ ಸಂಗತಿ ಮಾತ್ರ; ಯಾರದು ತಪ್ಪು ಎಂಬ ವಾದ ಅಲ್ಲಿಗೆ ಸೇರದು. ವರದಿ ಕೊಡುವ ಮೊದಲು ಇಬ್ಬರಿಗೂ ಮುಖಾಮುಖಿ ತಿಳಿಸಿ. ಬೆನ್ನ ಹಿಂದೆ ಬರೆದರೆ ಬರೆದದ್ದು ಎಷ್ಟೇ ಸರಿಯಿದ್ದರೂ ಚಾಡಿಯೇ ಆಗುತ್ತದೆ.

– ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಬೀದರ್

*

ಇದೇ ಮಾತು ಶಹಾಪುರದಿಂದ ಬಂದದ್ದು ಹೀಗೆ.

ಸಿಸ್ಟರೇ, ಖರೇ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಮಾಡಿದ್ದು ಸಮಾಧಾನ ಅಲ್ಲ, ಟಪಾಲಿನ ಕೆಲಸ. ಎಲ್ಲರಿಗೂ ಛಲೋ ಆಗಬೇಕಂತ ಹೊಂಟ್ರ ಪೇಷಂಟ್ ಕೆಡ್ತಾನ. ಮೊದಲ ರಿಪೋರ್ಟ್ ಬರೀರಿ.

– ಫಾರ್ಮಸಿಸ್ಟ್, ಶಹಾಪುರ

*

ಬೈಬಲಿನ ವಾಕ್ಯದ ಮಾತೆತ್ತಿದವರು ಹಲವರು. ಹುಮನಾಬಾದಿನ ಈ ಪತ್ರ ವಾರ್ಡಿಗೂ ಹೊಂದುವಂತಿದೆ.

ಸಹೋದರಿ, ಸಮಾಧಾನಪಡಿಸುವವರು ಧನ್ಯರೆಂದು ಮತ್ತಾಯನ 5ನೇ ಅಧ್ಯಾಯದಲ್ಲಿ ಓದಿ ಅಲ್ಲಿಗೇ ನಿಲ್ಲುತ್ತೇವೆ. ಸಮಾಧಾನ ಮಾಡುವ ಕ್ರಮ 18ನೇ ಅಧ್ಯಾಯದಲ್ಲಿದೆ. ಮೊದಲು ತಪ್ಪಿದವನೊಂದಿಗೆ ಒಬ್ಬರೇ ಮಾತಾಡಬೇಕು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದೊಯ್ಯಬೇಕು, ಆಗಲೂ ಕೇಳದಿದ್ದರೆ ಸಭೆಗೆ, ಅಂದರೆ ಚರ್ಚಿನವರಿಗೆ ತಿಳಿಸಬೇಕು. ನಿಮ್ಮ ವಾರ್ಡಿನಲ್ಲಿ ಎರಡನೆಯವರು ಇನ್‌ಚಾರ್ಜ್ ಸಿಸ್ಟರ್, ಮೂರನೆಯದು ನರ್ಸಿಂಗ್ ಸೂಪರಿಂಟೆಂಡೆಂಟ್ ಕಚೇರಿ. ಆದರೆ ಈ ಮೆಟ್ಟಿಲುಗಳು ಮುನಿಸಿಗೆ. ರೋಗಿಗೆ ಅಪಾಯವಾಗಿದ್ದರೆ ಅದೇ ಪಾಳಿಯಲ್ಲಿ ಮೇಲಿನವರಿಗೆ ತಿಳಿಸಬೇಕು.

ಇನ್ನೊಂದು ಎಚ್ಚರಿಕೆ. ಮೂರನೆಯ ಮೆಟ್ಟಿಲು ಚರ್ಚಿನ ವಾಟ್ಸ್ಆ್ಯಪ್ ಗುಂಪಲ್ಲ. ‘ನಮ್ಮ ವಾರ್ಡಿನ ಇಬ್ಬರಿಗಾಗಿ ಪ್ರಾರ್ಥಿಸಿ’ ಎಂದು ಹಾಕಿದರೆ ಸಂಜೆಯೊಳಗೆ ಊರಿಗೆಲ್ಲ ಹೆಸರು ಗೊತ್ತಾಗುತ್ತದೆ, ಜೊತೆಗೆ ರೋಗಿಯ ಗುಟ್ಟೂ. ಪ್ರಾರ್ಥನೆಯ ವೇಷದಲ್ಲಿ ಹರಟೆ ಸಲೀಸಾಗಿ ಓಡಾಡುತ್ತದೆ.

– ಸಭಾ ಹಿರಿಯರು, ಹುಮನಾಬಾದ್

*

ಮುಂದಿನ ಎರಡು ಪತ್ರಗಳು ಕೇಳಿದ್ದಕ್ಕಿಂತ ತುಸು ಬೇರೆಯದನ್ನೇ ಉತ್ತರಿಸುತ್ತವೆ.

ಒಳಗಿನ ಜಗಳ ಹಾಗಿರಲಿ, ರೋಗಿಯ ಕಡೆಯವರ ಸಿಟ್ಟಿಗೆ ಏನು ಮಾಡುತ್ತೀರಿ? ಹತ್ತು ಮಂದಿ ಬಂದರೆ ಮಾತಾಡಲು ಅವರಲ್ಲೇ ಒಬ್ಬರನ್ನು ಆರಿಸಿಕೊಳ್ಳಲು ಹೇಳಿ. ಅವರನ್ನು ಕೂರಿಸಿ, ನೀವೂ ಕೂತು ಮಾತಾಡಿ. ‘ನೋಡ್ತೀವಿ’ ಅನ್ನಬೇಡಿ; ‘ಅರ್ಧ ಗಂಟೆಗೆ ನಾನೇ ಬಂದು ಹೇಳ್ತೀನಿ’ ಎಂದು ಹೇಳಿ, ಸುದ್ದಿ ಇಲ್ಲದಿದ್ದರೂ ಹೋಗಿ ಅದನ್ನೇ ಹೇಳಿ. ದಖನಿ ಉರ್ದು ಮಾತಾಡುವವರಿಗೆ ಆ ಮಾತು ಬಲ್ಲ ಆಯಾ ಅಥವಾ ವಾರ್ಡ್ ಬಾಯ್ ಜೊತೆಗಿರಲಿ. ಬಾಗಿಲು ನಿಮ್ಮ ಕಡೆಗಿರಲಿ. ಕೈ ಎತ್ತಿದರೆ ಬೋಧನೆ ಸಾಕು, ಸೆಕ್ಯುರಿಟಿ ಕರೆಯಿರಿ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆಗೆ ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ.

– ಕ್ಯಾಶುಯಾಲ್ಟಿ ಸಿಬ್ಬಂದಿ, ಯಾದಗಿರಿ

*

ನಾನು ಕ್ರೈಸ್ತಳಲ್ಲ. ಆದರೂ ಹೇಳುತ್ತೇನೆ, ಇಂಥ ಮುನಿಸಿನ ಬೇರು ಬಹಳ ಸಲ ಡ್ಯೂಟಿ ರೋಸ್ಟರಿನಲ್ಲಿರುತ್ತದೆ. ಯಾರಿಗೆ ನೈಟ್ ಹೆಚ್ಚು ಬಿತ್ತು, ಹಬ್ಬಕ್ಕೆ ಯಾರಿಗೆ ರಜೆ ಸಿಕ್ಕಿತು ಎಂದು ನೋಡಿ. ಕ್ರಿಸ್‌ಮಸ್, ರಂಜಾನ್, ಬಂದೇ ನವಾಜ್ ಉರುಸ್, ಶರಣಬಸವೇಶ್ವರರ ತೇರು ಎಲ್ಲವನ್ನೂ ಮುಂಚೆಯೇ ಹಾಳೆಯ ಮೇಲಿಟ್ಟು ಹಂಚಿಕೊಳ್ಳಿ. ಡ್ಯೂಟಿ ಅದಲುಬದಲಿಗೆ ಒಂದು ಪುಸ್ತಕವಿಟ್ಟು ಇಬ್ಬರ ಸಹಿಯ ಕೆಳಗೆ ಇನ್‌ಚಾರ್ಜ್ ಸಹಿ ಹಾಕಿಸಿ. ಬಾಯಿಮಾತಿನ ಬದಲಾವಣೆಯಲ್ಲಿ ‘ನಾನು ಒಪ್ಪಿರಲಿಲ್ಲ’ ಎಂಬ ಮಾತು ಬಂದೇ ಬರುತ್ತದೆ. ನೀವು ಸಮಾಧಾನ ಮಾಡುವವರಾದರೆ ಡಿಸೆಂಬರ್ 25ರ ಡ್ಯೂಟಿಗೆ ಬದಲಾಗಿ ಯಾರದಾದರೂ ಹಬ್ಬದ ರಾತ್ರಿ ನೀವು ಹಿಡಿಯಿರಿ. ಅದು ಬೇಗ ಅರ್ಥವಾಗುತ್ತದೆ.

– ಲ್ಯಾಬ್ ಟೆಕ್ನೀಷಿಯನ್, ಕಲಬುರಗಿ

*

ಬಂದ ಪತ್ರಗಳಲ್ಲಿ ‘ಸುಮ್ಮನಿರಿ’ ಎಂದವು ಎರಡು. ಎರಡರಲ್ಲೂ ರೋಗಿಯ ಪ್ರಸ್ತಾಪ ಇರಲಿಲ್ಲ. ಇನ್ನೊಂದರಲ್ಲಿ ಬೇರೊಂದು ಆಸ್ಪತ್ರೆಯ ರೋಗಿಯ ಗುರುತು ಸಿಗುವಂತಿದ್ದುದರಿಂದ ಪ್ರಕಟಿಸಿಲ್ಲ. ಪ್ರಶ್ನೆ ಕೇಳಿದ ಸಿಸ್ಟರ್ ಅವರಿಗೆ ಬೀದರಿನ ಪತ್ರದ ಪ್ರತಿಯನ್ನು ಮುಂಚಿತವಾಗಿಯೇ ಕಳಿಸಿದ್ದೇವೆ. – ಸಂ.