ಆರ್‌ಸಿಸಿ ರೂಮಿನಲ್ಲಿ ಬೇಸ್ ಗುಂಯ್‌ಗುಡುತ್ತೆ, ಇನ್ನೊಂದು ಸಬ್‌ವೂಫರ್ (ಬೇಸ್ ಸ್ಪೀಕರ್, ಅಂದ್ರೆ ಸಬ್) ಬೇಕಾ?

ವಿದ್ಯಾನಗರ, ದಾವಣಗೆರೆ: ರೂಮು 15×12 ಅಡಿ, 10 ಇಂಚಿನ ಸಬ್‌ವೂಫರ್ ಮೂಲೆಯಲ್ಲಿದೆ. ಕೆಲವು ಸ್ವರ ಗುಂಯ್ ಅಂತ ಎಳೀತವೆ, ಕೆಲವು ಸೋಫಾದಲ್ಲಿ ಕೇಳಿಸೋದೇ ಇಲ್ಲ.

ಉತ್ತರ: ತಡೀರಿ ಸಾರ್, ಮೊದಲು ಜಾಗ ಬದಲಿಸಿ. 15 ಅಡಿ ಉದ್ದಕ್ಕೆ ಸುಮಾರು 38 ಹರ್ಟ್ಜ್‌ನ ಸ್ವರ, 12 ಅಡಿ ಅಗಲಕ್ಕೆ 47 ಹರ್ಟ್ಜ್‌ನ ಸ್ವರ ಗೋಡೆಗಳ ನಡುವೆ ಅನುರಣಿಸುತ್ತೆ; ಮೂಲೆ ಎರಡನ್ನೂ ಪೂರ್ತಿ ಕೆರಳಿಸುತ್ತೆ. ಸಬ್ಬನ್ನೇ ಸೋಫಾ ಮೇಲಿಟ್ಟು ಬೇಸ್ ಹಾಡು ಹಾಕಿ, ಗೋಡೆಗುಂಟ ಮಂಡಿಯೂರಿ ಕೇಳ್ತಾ ಹೋಗಿ. ಎಲ್ಲ ಸ್ವರ ಸಮನಾಗಿ ಕೇಳಿದ ಕಡೆ ಸಬ್ ಇಡಿ. ಸೋಫಾ ರೂಮಿನ ನಟ್ಟನಡುವೆ ಬೇಡ, ಅಲ್ಲಿ 38 ಹರ್ಟ್ಜ್ ಸ್ವರ ಸತ್ತೇ ಹೋಗುತ್ತೆ.

ಚಿತ್ರದುರ್ಗದಿಂದ ಇನ್ನೊಬ್ಬರ ಸಲಹೆ: ಕ್ರಾಸ್‌ಓವರ್ (ಸಬ್ಬೂ ಬೇರೆ ಸ್ಪೀಕರ್‌ಗಳೂ ಸ್ವರ ಹಂಚಿಕೊಳ್ಳೋ ಗಡಿ) 80 ಹರ್ಟ್ಜ್‌ಗಿಡಿ. 80 ಹರ್ಟ್ಜ್‌ನ ಟೋನ್ ಹಾಕಿ, ಸಬ್ಬಿನ ಫೇಸ್ (ಅಲೆಗಳ ಹೊಂದಾಣಿಕೆ) 0, 180 ಡಿಗ್ರಿಗಳಲ್ಲಿ ಯಾವುದು ಜೋರೋ ಅದೇ ಸರಿ. ಈಕ್ವಲೈಜರ್‌ನಲ್ಲಿ ಉಬ್ಬನ್ನು (ಗುಂಯ್ ಅನ್ನೋ ಸ್ವರ) ಮಾತ್ರ ತಗ್ಗಿಸಿ. ತಗ್ಗನ್ನು (ಕೇಳಿಸದ ಸ್ವರ) ಎತ್ತಬೇಡಿ, ಅದು ಅಲೆಗಳು ಒಂದನ್ನೊಂದು ಅಳಿಸಿದ ಜಾಗ, ಆಂಪ್ಲಿಫೈಯರ್ ಬಿಸಿಯಾಗೋದಷ್ಟೇ.

ಉತ್ತರ: ಎರಡನೇ ಸಬ್ ತಂದರೆ ಎದುರುಬದುರು ಗೋಡೆಗಳ ಮಧ್ಯಕ್ಕೆ ಒಂದೊಂದು ಇಡಿ, ಎರಡಕ್ಕೂ ಒಂದೇ ಲೆವೆಲ್.