ಕರಾವಳಿಯ ಚಳಿಗಾಲದ ಮುನ್ಸೂಚನೆ: 'ವಾಡಿಕೆಗಿಂತ ಹೆಚ್ಚು' ಅಂದರೆ ಅಂಗಳದ ಅಡಿಕೆಗೆ ಏನರ್ಥ?

ಚಾಲಿಯಂಗಳ (ಪ್ರಶ್ನೆ):

ಹವಾಮಾನ ಇಲಾಖೆಯ ಡಿಸೆಂಬರ್–ಫೆಬ್ರವರಿ ಮುನ್ಸೂಚನೆಯ ನಕ್ಷೆಯನ್ನು ಓದುವುದು ಹೇಗೆಂದು ಗೊತ್ತಿದ್ದವರು ಬಿಡಿಸಿ ಹೇಳಿ. ಬಣ್ಣದ ಜೊತೆ ಶೇಕಡಾ ಅಂಕಿ ಕೊಟ್ಟಿರುತ್ತಾರೆ. ಕನಿಷ್ಠ ತಾಪಮಾನ ವಾಡಿಕೆಗಿಂತ ಹೆಚ್ಚು ಎಂದಿದ್ದರೆ ನಮ್ಮ ಕಡೆ ಚಳಿಯೇ ಇಲ್ಲವೆಂದೋ? ಅದಕ್ಕಿಂತ ಮುಖ್ಯ, ಅಡಿಕೆ ಅಂಗಳಕ್ಕೆ ಬಿದ್ದಿರುವಾಗ ಮಳೆ ಉಂಟೋ ಇಲ್ಲವೋ ಅಂತ ಈ ನಕ್ಷೆಯಿಂದ ಗೊತ್ತಾಗುತ್ತದೆಯೇ?

ಮೂಡುಗಾಳಿ:

ಆ ಶೇಕಡಾ ಅಂಕಿ ಎಷ್ಟು ಬಿಸಿ ಎಂದು ಹೇಳುವುದಿಲ್ಲ, ಬಿಸಿಯಾಗುವ ಸಾಧ್ಯತೆ ಎಷ್ಟು ಎಂದು ಹೇಳುತ್ತದೆ. ಹಳೆಯ ವರ್ಷಗಳ ದಾಖಲೆಯನ್ನು ಮೂರು ಪಾಲು ಮಾಡಿರುತ್ತಾರೆ: ಕಡಿಮೆ, ವಾಡಿಕೆ, ಹೆಚ್ಚು. ಏನೂ ಗೊತ್ತಿಲ್ಲದಿದ್ದರೂ ಪ್ರತಿ ಪಾಲಿಗೆ ಶೇ. 33 ಸಾಧ್ಯತೆ ಇದ್ದೇ ಇದೆ. ನಕ್ಷೆಯಲ್ಲಿ 40 ಕಂಡರೆ ಸುಳಿವು ದುರ್ಬಲ. 65 ಕಂಡರೆ ಗಟ್ಟಿ, ಆದರೂ ಮೂರರಲ್ಲಿ ಒಂದು ಸಲ ತಪ್ಪಬಹುದು. ಜೊತೆಗೆ ಅದು ಮೂರು ತಿಂಗಳ ಸರಾಸರಿ. 'ಹೆಚ್ಚು' ಎಂದು ಬಂದ ವರ್ಷವೂ ಜನವರಿಯಲ್ಲಿ ಒಂದು ವಾರ ಚೆನ್ನಾಗಿ ಚಳಿ ಹೊಡೆಯಬಹುದು.

ನಮ್ಮಲ್ಲಿ 'ಶೀತಗಾಳಿ' ಎಂಬ ಮಾತು ಸುಮ್ಮನೆ ಹಾರಾಡುತ್ತದೆ. ಕರಾವಳಿಯ ಕೇಂದ್ರಗಳಿಗೆ ಇಲಾಖೆಯ ಅಳತೆ ಬೇರೆಯೇ ಇದೆ: ಕನಿಷ್ಠ ತಾಪಮಾನ 15 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಿರಬೇಕು. ಕಡಲ ಬದಿಯಲ್ಲಿ ಅದು ತೀರಾ ಅಪರೂಪ. ಶಿರಸಿ, ಸಿದ್ದಾಪುರ, ಯಲ್ಲಾಪುರ ಉತ್ತರ ಕನ್ನಡ ಜಿಲ್ಲೆಯಲ್ಲೇ ಇದ್ದರೂ ಘಟ್ಟದ ಮೇಲಿವೆ. ಅಲ್ಲಿನ ಚಳಿಯನ್ನು ಹೊನ್ನಾವರದ ಲೆಕ್ಕಕ್ಕೆ ಹಾಕಬಾರದು.

ಗಮನಿಸಬೇಕಾದ್ದು ಗರಿಷ್ಠ ತಾಪಮಾನ. ಡಿಸೆಂಬರ್–ಫೆಬ್ರವರಿಯಲ್ಲಿ ದೇಶದಲ್ಲೇ ಅತಿ ಹೆಚ್ಚು ಬಿಸಿಲು ದಾಖಲಾದ ಊರುಗಳ ಪಟ್ಟಿಯಲ್ಲಿ ಹೊನ್ನಾವರ, ಕಾರವಾರ, ಪಣಂಬೂರು ಆಗಾಗ ಕಾಣುತ್ತವೆ. ಕಾರಣ ಮೂಡಣದಿಂದ ಬರುವ ಗಾಳಿ. ಒಣಗಾಳಿ 1,000 ಮೀಟರ್ ಕೆಳಗಿಳಿದರೆ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಘಟ್ಟದ ಮೇಲೆ 800 ಮೀಟರಿನಲ್ಲಿ 27 ಡಿಗ್ರಿ ಇದ್ದ ಗಾಳಿ ಕೆಳಗೆ ಮುಟ್ಟುವಾಗ 35 ಆಗಿರುತ್ತದೆ. ಈ ಗಾಳಿ ಜೋರಿದ್ದ ದಿನ ಕಡಲಗಾಳಿ ಒಳಗೆ ಬರುವುದೇ ತಡ. ಮಧ್ಯಾಹ್ನ ಅದು ಬೀಸಿದ ಮೇಲೆಯೇ ಸೆಕೆ ಇಳಿಯುವುದು.

ನೀರುಮುಗಿಲು:

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಲಾ ನಿನಾ (ಪೆಸಿಫಿಕ್ ಸಾಗರದ ನಡುಭಾಗದ ನೀರು ವಾಡಿಕೆಗಿಂತ ತಣ್ಣಗಾಗುವ ಸ್ಥಿತಿ) ಇದ್ದರೆ ಇಲ್ಲಿಯೂ ಚಳಿ ಎಂದು ಪ್ರತಿ ವರ್ಷ ಬರೆಯುತ್ತಾರೆ. ಆ ನಂಟು ಹೆಚ್ಚಾಗಿ ಉತ್ತರ ಭಾರತದ್ದು. ನಮ್ಮಲ್ಲಿ ರಾತ್ರಿಯ ತಾಪಮಾನವನ್ನು ತೀರ್ಮಾನಿಸುವುದು ಮೋಡ ಮತ್ತು ಗಾಳಿ. ಆಕಾಶ ತಿಳಿಯಾಗಿದ್ದರೆ ನಸುಕಿನಲ್ಲಿ ಚಳಿ, ಮೋಡ ಮುಚ್ಚಿದರೆ ಸೆಕೆ.

ಮಳೆಗೆ ಬಂದರೆ, ಮೂರು ತಿಂಗಳ ನಕ್ಷೆ ನಿಮಗೆ ಹೆಚ್ಚು ಉಪಯೋಗಕ್ಕೆ ಬಾರದು. ಜನವರಿ–ಫೆಬ್ರವರಿಯಲ್ಲಿ ಕರಾವಳಿಯ ವಾಡಿಕೆ ಮಳೆಯೇ ಕೆಲವು ಮಿಲಿಮೀಟರ್. ಒಂದು ಸಂಜೆ ಗುಡುಗಿ ಸುರಿದರೆ 'ಶೇ. 400 ಹೆಚ್ಚು' ಎಂದು ಸುದ್ದಿಯಾಗುತ್ತದೆ, ಆ ಅಂಕಿಗೆ ಅರ್ಥವಿಲ್ಲ. ಡಿಸೆಂಬರಿನ ಮಳೆ ಬರುವುದು ಒಂದೋ ಎರಡೋ ವಾಯುಭಾರ ಕುಸಿತದಿಂದ. 2024ರ ಫೆಂಗಲ್ ಚಂಡಮಾರುತ ನವೆಂಬರ್ 30ರಂದು ಪುದುಚೇರಿ ಬಳಿ ನೆಲ ಮುಟ್ಟಿತು. ಅದರ ಉಳಿಕೆ ಪರ್ಯಾಯದ್ವೀಪ ದಾಟಿ ಅರಬ್ಬಿ ಸಮುದ್ರದತ್ತ ಸರಿಯುವಾಗ ಡಿಸೆಂಬರ್ ಮೊದಲ ವಾರ ಕರಾವಳಿಯಲ್ಲಿ ಭಾರೀ ಮಳೆಯಾಯಿತು. ಅಂಥದ್ದನ್ನು ನವೆಂಬರ್ ಕೊನೆಯ ನಕ್ಷೆ ಹಿಡಿಯುವುದಿಲ್ಲ.

ನೋಡುವ ಕ್ರಮ ಹೀಗಿರಲಿ. ಪ್ರತಿ ಗುರುವಾರ ಇಲಾಖೆ ನಾಲ್ಕು ವಾರಗಳ ಮುನ್ಸೂಚನೆ ಹೊರಡಿಸುತ್ತದೆ. ಮೊದಲ ಎರಡು ವಾರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಂಗಾಳ ಕೊಲ್ಲಿಯ ನೈಋತ್ಯ ಭಾಗ, ಕನ್ಯಾಕುಮಾರಿ ಕಡಲು ಅಥವಾ ಲಕ್ಷದ್ವೀಪದ ಕಡೆ ಕುಸಿತದ ಮಾತು ಬಂದರೆ ಎಚ್ಚರಾಗಿ. ಆಮೇಲೆ ಮಂಗಳವಾರ, ಶುಕ್ರವಾರದ ಕೃಷಿ ಹವಾಮಾನ ವರದಿಯಲ್ಲಿ (ಮೇಘದೂತ್ ಆ್ಯಪಿನಲ್ಲಿ ಸಿಗುತ್ತದೆ) ಜಿಲ್ಲೆಯ ಐದು ದಿನದ ಅಂಕಿ ನೋಡಿ. ಮೊಬೈಲಿನಲ್ಲಿ ಗಾಳಿಯ ನಕ್ಷೆ ನೋಡುವವರಿಗೆ ಒಂದು ಕಿವಿಮಾತು: ನೆಲಮಟ್ಟದ ಗಾಳಿ ಬಿಟ್ಟು 850 ಹೆಕ್ಟೊಪಾಸ್ಕಲ್ ಒತ್ತಡದ ಮಟ್ಟ, ಅಂದರೆ ಸುಮಾರು 1.5 ಕಿ.ಮೀ. ಎತ್ತರದ್ದನ್ನು ತೆರೆಯಿರಿ. ಅಲ್ಲಿ ಗಾಳಿ ಒಣ ಮೂಡಣದಿಂದ ತಿರುಗಿ ದಕ್ಷಿಣ ಅಥವಾ ಆಗ್ನೇಯದಿಂದ ತೇವ ಹೊತ್ತು ಬರತೊಡಗಿದರೆ ಎರಡು ದಿನದೊಳಗೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಹೆಚ್ಚು.

ಒಣಗೋಟು:

ಅಂಗಳದ ಮಾತು. ಚಾಲಿ (ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸುವ ಹಣ್ಣಡಿಕೆ) ಒಣಗಲು ಒಳ್ಳೆಯ ಬಿಸಿಲಿನಲ್ಲಿ 35ರಿಂದ 45 ದಿನ ಬೇಕು, ಹಾಗಾಗಿ ಇಡೀ ಹಂಗಾಮಿಗೆ ಮಳೆಯಿಲ್ಲ ಎಂದು ನಂಬಿ ಕೂರುವಂತಿಲ್ಲ. ಹೆಚ್ಚು ಅಪಾಯ ಮೊದಲ ಹದಿನೈದು ದಿನ. ಹಸಿ ಸಿಪ್ಪೆಯಲ್ಲಿ ನೀರು ತುಂಬಿರುತ್ತದೆ, ಮೇಲಿಂದ ನೆನೆದರೆ ಬೂಸ್ಟು ಹಿಡಿದು ಒಳಗಿನ ಅಡಿಕೆಯ ಬಣ್ಣ ಕೆಡುತ್ತದೆ.

ಮಳೆಯ ಸೂಚನೆಯಿದ್ದ ಸಂಜೆ ಬಿಸಿಲಿನ ಕಾವಿರುವಾಗಲೇ ರಾಶಿ ಮಾಡಿ ಟರ್ಪಾಲು ಬಿಗಿಯಾಗಿ ಹೊದೆಸುವುದು ದೊಡ್ಡ ತಪ್ಪು. ಒಳಗಿನ ಹಬೆ ಟರ್ಪಾಲಿನ ಅಡಿಯಲ್ಲಿ ನೀರಾಗಿ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ಟರ್ಪಾಲು ಸರಿಸಿದರೆ ಮೇಲಿನ ಸಾಲು ಮಳೆ ಬೀಳದೆಯೂ ಒದ್ದೆ. ಕಾವು ಆರಲು ಬಿಡಿ, ರಾಶಿಯನ್ನು ಉದ್ದಕ್ಕೆ ಬದುವಿನ ಹಾಗೆ ಮಾಡಿ, ನಡುವೆ ಬಿದಿರಿನ ಗಳು ಕೊಟ್ಟು ಟರ್ಪಾಲು ಎತ್ತರಿಸಿ, ಎರಡೂ ತುದಿ ಗಾಳಿಯಾಡಲು ತೆರೆದಿಡಿ. ಸುತ್ತ ನೀರು ಹರಿದುಹೋಗಲು ಸಣ್ಣ ಕಣಿ ಇರಲಿ. ಮಳೆ ನಿಂತ ಕೂಡಲೇ ಹರಡಿ, ಒಂದೇ ಪದರ. ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಮನೆಯಿದ್ದವರೂ ಹಗಲು ಬಾಗಿಲು ಮುಚ್ಚಬೇಡಿ, ಅಲ್ಲಿಯೂ ಇದೇ ಹಬೆಯ ಉಪದ್ರ.

ಚಾಲಿಯಂಗಳ:

ಉಪಕಾರ ಆಯ್ತು. ಮೂಡಣ ಗಾಳಿಯ ದಿನ ಅಂಗಳಕ್ಕೆ ಒಳ್ಳೆಯದೇ ಅಲ್ಲವಾ?

ಮೂಡುಗಾಳಿ:

ಹೌದು ಮಾರಾಯ್ರೆ, ಒಣಗಿಸಲು ಅದಕ್ಕಿಂತ ಒಳ್ಳೆಯ ದಿನವಿಲ್ಲ, ಗಾಳಿಯಲ್ಲಿ ತೇವ ಕಡಿಮೆ. ಅಡಿಕೆ ತಿರುವಿ ಹಾಕುವ ಕೆಲಸವನ್ನು ಆ ದಿನಗಳಿಗೇ ಇಟ್ಟುಕೊಳ್ಳಿ. ಆದರೆ ಕೆಲಸದವರು ಹತ್ತು ಗಂಟೆಯೊಳಗೆ ಬಿಸಿಲಿನಿಂದ ಏಳಲಿ, ಕಡಲಗಾಳಿ ಬರುವ ತನಕ ಸೆಕೆ ವಿಪರೀತ.

ಅಳಿವೆಬಾಗಿಲು:

ದೋಣಿಯವರಿಗೂ ಎರಡು ಮಾತು. ಚಳಿಗಾಲದಲ್ಲಿ ಪರ್ಷಿಯನ್ ಕೊಲ್ಲಿಯ ಕಡೆ 'ಶಮಾಲ್' ಗಾಳಿ ಬೀಸಿದಾಗ ಎದ್ದ ಅಲೆ ವಾಯವ್ಯದಿಂದ ನಮ್ಮ ತೀರಕ್ಕೆ ಬರುತ್ತದೆ. ಇಲ್ಲಿ ಗಾಳಿಯೇ ಇಲ್ಲ, ಆಕಾಶವೂ ಶುಭ್ರ, ಆದರೂ ಅಳಿವೆಯಲ್ಲಿ (ಹೊಳೆ ಕಡಲು ಸೇರುವಲ್ಲಿ) ತೆರೆ ಒಡೆಯುತ್ತಿರುತ್ತದೆ. ಮಳೆಯ ಮುನ್ಸೂಚನೆಯಲ್ಲಿ ಇದು ಸಿಗದು, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸಮುದ್ರಸ್ಥಿತಿ ವರದಿಯಲ್ಲಿ ಅಲೆಯ ಎತ್ತರ ಮತ್ತು ದಿಕ್ಕು ಎರಡನ್ನೂ ನೋಡಬೇಕು. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಈ ಅಲೆ ಸಿಕ್ಕರೆ ತೆರೆ ಇನ್ನಷ್ಟು ಕಡಿದಾಗಿ ಏಳುತ್ತದೆ. ಸಣ್ಣ ದೋಣಿಗಳು ಆಗ ದಾಟದೆ ಭರತ ಬರುವ ತನಕ ಕಾಯಲಿ.